ಹಲಗೆ ಕರೆದರೆ ಯಾರು ಬರ್ತಾರೆ

ಪಂದಲೂರು
21 ಆಗಸ್ಟ್ 1966

ಬೀಗರಾದ ಸಿದ್ದಯ್ಯನವರಿಗೆ ರಾಚಯ್ಯನ ಶರಣು.

ನಿಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿರಬೇಕು. ಅದರಲ್ಲೂ ನನ್ನ ಮಗಳು ಶಿವಮ್ಮ ಚೆನ್ನಾಗಿರಬೇಕು. ಅವಳು ಚೆನ್ನಾಗಿದ್ದರೆ ನಿಮ್ಮ ಮಗ ನಂಜಪ್ಪನೂ ಚೆನ್ನಾಗಿಯೇ ಇರುತ್ತಾನೆ, ಅಳಿಯನ ವಿಷಯದಲ್ಲಿ ನನಗೆ ಅಷ್ಟು ಭರವಸೆ ಇದೆ. ಇಲ್ಲಿ ಜೂನ್‌ನಲ್ಲಿ ಹಿಡಿದ ಮಳೆ ಇನ್ನೂ ಬಿಟ್ಟಿಲ್ಲ. ಒಲೆಯ ಮೇಲೆ ಹಗ್ಗ ಕಟ್ಟಿ ಪಂಚೆ ಒಣಗಿಸುತ್ತೇವೆ. ಹೊಗೆ ವಾಸನೆ ಹೊಡೆಯುತ್ತಲೇ ನಾನು ಫ್ಯಾಕ್ಟರಿಗೆ ಹೋಗುತ್ತೇನೆ.

ಫ್ಯಾಕ್ಟರಿಯ ವಿಷಯಕ್ಕೇ ಈ ಕಾಗದ. ನಾನು ಕಡ್ಡಿ ಕೋಣೆಯ ಸೂಪರ್‌ವೈಸರ್ ಅಂತ ಮದುವೆಯಲ್ಲಿ ನಿಮ್ಮ ಕಡೆಯವರಿಗೆಲ್ಲ ಹೇಳಿದ್ದೆ. ಅದೇನು ಕೋಣೆ ಅಂತ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಯಂತ್ರದಿಂದ ಬಂದ ಟೀಯಲ್ಲಿ ಕಡ್ಡಿ, ನಾರು ಉಳಿದಿರುತ್ತವೆ. ಹೆಂಗಸರು ಸಾಲಾಗಿ ಕೂತು ಅದನ್ನು ಕೈಯಲ್ಲಿ ಆರಿಸಿ ತೆಗೆಯುತ್ತಾರೆ. ಈಗ ಆ ಹೆಂಗಸರು ಒಬ್ಬೊಬ್ಬರಾಗಿ ಬಿಟ್ಟು ಹೋಗುತ್ತಿದ್ದಾರೆ. ಮೊನ್ನೆ ಕಮಲಂ ಅನ್ನುವವಳು ಹೋದಳು, ಚೇರಂಬಾಡಿ ಕಡೆಯ ಎಸ್ಟೇಟಿಗೆ, ಎಲೆ ಕೀಳಲು. ಮಳೆಯಲ್ಲಿ ನೆನೆದು ಜಿಗಣೆಗೆ ರಕ್ತ ಕೊಡುತ್ತೇನೆ, ನಿಮ್ಮ ಬೆಚ್ಚಗಿನ ಕೋಣೆ ಬೇಡ ಅಂದರೆ ನಾನೇನು ಹೇಳಲಿ. ನಮ್ಮ ಕೋಣೆಯಲ್ಲಿ ಗಲಾಟೆಯೂ ಇಲ್ಲ. ಹಿಂದಿನ ದೊರೆಯ ಕಾಲದಿಂದ ಎಲ್ಲರನ್ನೂ ಗೋಡೆಗೆ ಮುಖ ಮಾಡಿ ಕೂರಿಸಿದ್ದೇವೆ. ಮಾತು ಅನ್ನುವುದೇ ಇಲ್ಲ, ಅಷ್ಟು ಶಿಸ್ತು.

ಮದ್ರಾಸಿನಿಂದ ಬಂದಿರುವ ಹೊಸ ಮ್ಯಾನೇಜರ್ ಚಂದ್ರನ್ ದೊರೆ ನನ್ನನ್ನು ಕರೆದು ಹೇಳಿದರು, ಕೆಲಸದ ಜಾಗ ಸಂತೋಷವಾಗಿರಬೇಕು, ಜನ ನಗುನಗುತ್ತ ಬರಬೇಕು, ಹೆಡ್ ಆಫೀಸಿನ ಆಜ್ಞೆ ಅಂತ. ದೀಪಾವಳಿಯ ಹೊತ್ತಿಗೆ ಹೆಂಗಸರು ನಿಲ್ಲದಿದ್ದರೆ ಕಡ್ಡಿ ಕೋಣೆಯನ್ನು ಗುತ್ತಿಗೆದಾರನಿಗೆ ಕೊಡುತ್ತಾರಂತೆ. ಅವನು ತನ್ನ ಜನ ತರುತ್ತಾನೆ. ಆಮೇಲೆ ಉಳಿದಿರುವ ಹೆಂಗಸರೂ ಮನೆಗೆ, ನಾನೂ ಮನೆಗೆ. ಹಾಗಾಗಲು ನಾನು ಬಿಡುವುದಿಲ್ಲ, ಆ ಧೈರ್ಯ ಇದೆ. ನೀವು ದಂಡಿನ ಊರಿನಲ್ಲಿ ಸ್ಟೋರ್‌ಕೀಪರ್ ಆಗಿರುವವರು. ಸಿಪಾಯಿಗಳನ್ನು ಹುರುಪಿನಲ್ಲಿಡುವುದು ಹೇಗೆ ಅಂತ ದಿನಾ ನೋಡುತ್ತೀರಿ. ಒಂದು ಉಪಾಯ ಬರೆಯಿರಿ.

ಇನ್ನೊಂದು. ಈ ಸಲ ಮಕ್ಕಳ ಮೊದಲ ದೀಪಾವಳಿ. ಅಳಿಯನನ್ನೂ ಮಗಳನ್ನೂ ನಮ್ಮ ಮನೆಗೆ ಕಳಿಸಿಕೊಡಬೇಕು, ನೀವೂ ಬೀಗಿತ್ತಿಯವರೂ ಜೊತೆಗೆ ಬರಬೇಕು. ಕಾಗದದ ಮೂಲೆಗೆ ನನ್ನ ಮನೆಯಾಕೆ ಸಣ್ಣತಾಯಮ್ಮನ ಕೈಯಿಂದ ಕುಂಕುಮ ಹಚ್ಚಿಸಿದ್ದೇನೆ, ಇದನ್ನೇ ಕರೆ ಅಂತ ತಿಳಿಯಿರಿ. ಎಲೆ ಜಾಸ್ತಿ ಬರುವ ಕಾಲ, ಅಲ್ಲಿಗೆ ಬರಲು ನನಗೆ ಒಂದು ದಿನವೂ ಬಿಡುವಿಲ್ಲ. ನಮ್ಮ ನಿಮ್ಮಲ್ಲಿ ಏನು ಉಪಚಾರ.

ನಿಮ್ಮ ಬೀಗ,
ರಾಚಯ್ಯ


ವೆಲ್ಲಿಂಗ್ಟನ್
2 ಸೆಪ್ಟೆಂಬರ್ 1966

ಪಂದಲೂರಿನ ಸೂಪರ್‌ವೈಸರ್ ರಾಚಯ್ಯನವರಿಗೆ ಸಿದ್ದಯ್ಯನ ಶರಣು.

ಕಾಗದ ತಲುಪಿತು. ಮೂಲೆಯ ಕುಂಕುಮ ದಾರಿಯಲ್ಲಿ ಮಳೆಗೆ ಕರಗಿ, ನನ್ನ ಹೆಸರಿನ ಮೇಲೆಲ್ಲ ಹರಿದಿತ್ತು. ಪೋಸ್ಟ್‌ಮ್ಯಾನ್ ಯಾರಿಗೋ ಗಾಯವಾಗಿದೆಯೇನೋ ಅಂದುಕೊಂಡ. ಶಿವಮ್ಮ ಕ್ಷೇಮ. ಅವಳ ಕೈಯ ಉಪ್ಪಿಟ್ಟನ್ನು ಮನೆಯಲ್ಲಿ ಎಲ್ಲರೂ ಹೊಗಳುತ್ತಾರೆ. ನಾನು ಹೊಗಳುವುದಿಲ್ಲ, ತಿನ್ನುತ್ತೇನೆ.

ನೀವು ಕೇಳಿದ ಉಪಾಯ ಸುಲಭ. ಇಲ್ಲಿ ವರ್ಷಕ್ಕೊಮ್ಮೆ ಆಟೋಟದ ದಿನ ನಡೆಯುತ್ತದೆ. ಹಗ್ಗ ಜಗ್ಗಾಟ, ಗೋಣಿಚೀಲದ ಓಟ, ಚಮಚದಲ್ಲಿ ನಿಂಬೆಹಣ್ಣಿಟ್ಟುಕೊಂಡು ಓಟ. ಗೆದ್ದವರಿಗೆ ಬಹುಮಾನ. ನೋಟೀಸು ಹಲಗೆಯ ಮೇಲೆ ಹಾಕಿದರೆ ಮುಗಿಯಿತು, ಎಲ್ಲರೂ ಬಂದು ಸಾಲು ನಿಲ್ಲುತ್ತಾರೆ. ಒಂದು ಭಾನುವಾರ ಗೊತ್ತು ಮಾಡಿ. ಯಾರಾದರೂ ಸೀಟಿ ಊದುವವರಿರಲಿ, ಸೀಟಿ ಇಲ್ಲದೆ ಹುರುಪು ಬರುವುದಿಲ್ಲ.

ದೀಪಾವಳಿ ಇನ್ನೂ ದೂರ ಇದೆ. ರಜೆ ಹೇಗೋ ಏನೋ, ಈಗಲೇ ಏನು ಹೇಳುವುದು.

ಇತಿ,
ಸಿದ್ದಯ್ಯ


ಪಂದಲೂರು
19 ಸೆಪ್ಟೆಂಬರ್ 1966

ಬೀಗರಿಗೆ ಶರಣು.

ನಿಮ್ಮ ಉಪಾಯದಂತೆ ನಡೆದೆ. ಕನ್ನಡ, ತಮಿಳು, ಮಲಯಾಳ ಮೂರರಲ್ಲೂ ನೋಟೀಸು ಬರೆಸಿ ಹಲಗೆಗೆ ಹಾಕಿದೆ. ಗೋಣಿಚೀಲ ಒಗೆಸಿದೆ. ಭಾನುವಾರ ಮಧ್ಯಾಹ್ನ ಮೈದಾನದಲ್ಲಿ ಚಂದ್ರನ್ ದೊರೆ, ನಾನು, ಸೀಟಿ ಊದಲು ಡ್ರೈವರ್ ಮುರುಗನ್, ಮೂವರೂ ಹಾಜರು. ನಾಲ್ಕನೆಯವರು ಬರಲೇ ಇಲ್ಲ. ಮುರುಗನ್ ಊದಿದ, ಮತ್ತೆ ಊದಿದ. ರಸ್ತೆಯಲ್ಲಿ ಸಂತೆಗೆ ಹೋಗುತ್ತಿದ್ದ ನಮ್ಮ ಹೆಂಗಸರೇ ಬುಟ್ಟಿ ಹೊತ್ತು ನಿಂತು ನಮ್ಮನ್ನು ನೋಡಿ, ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು ಮುಂದಕ್ಕೆ ಹೋದರು. ಕೊನೆಗೆ ದೊರೆಗೆ ಬೇಜಾರಾಗಬಾರದಲ್ಲ ಅಂತ ನಾನೇ ಗೋಣಿಚೀಲದೊಳಗೆ ಇಳಿದು ಆ ತುದಿಯವರೆಗೆ ಕುಪ್ಪಳಿಸಿದೆ. ಮೊದಲ ಬಹುಮಾನದ ಸ್ಟೀಲ್ ಲೋಟ ನಮ್ಮ ಮನೆಯಲ್ಲೇ ಇದೆ, ನೀವು ಬಂದಾಗ ಅದರಲ್ಲೇ ನಿಮಗೆ ಕಾಫಿ.

ಇದರಿಂದ ನಾನು ಎದೆಗುಂದಿಲ್ಲ. ದಿನ ತಪ್ಪಿತು, ಅಷ್ಟೇ. ಭಾನುವಾರ ಸಂತೆ, ಸೌದೆ, ಬಟ್ಟೆ ಒಗೆಯುವುದು ಎಲ್ಲ ಇರುತ್ತದೆ. ಮುಂದಿನ ಸಲ ಕೆಲಸದ ದಿನವೇ, ಫ್ಯಾಕ್ಟರಿ ಒಳಗೇ ಮಾಡುತ್ತೇನೆ. ಆದರೆ ಸೋಮವಾರ ಪೊನ್ನಮ್ಮ ಬಂದು, ಮುಂದಿನ ತಿಂಗಳ ಕೊನೆಗೆ ತಾನೂ ಬಿಡುತ್ತೇನೆ ಅಂದಳು. ಇವಳು ಕೋಣೆಯಲ್ಲಿ ಎಲ್ಲರಿಗಿಂತ ಹಳಬಳು. ಇವಳ ಬಾಯಿಗೆ ಮುರುಗನ್ ಲಾರಿ ಬಿಟ್ಟು ಓಡುತ್ತಾನೆ. ಇವಳು ಹೋದರೆ ಮಿಕ್ಕವರು ಹಿಂದೆಯೇ ಹೋಗುತ್ತಾರೆ, ಕೋಣೆಗೆ ಬೀಗ ಬಿದ್ದ ಹಾಗೆ. ಯಾಕೆ ಅಂತ ಕೇಳಿದರೆ ಗೋಡೆ ನೋಡಿ ಸಾಕಾಯಿತು ಅಂದಳು. ಗೋಡೆಗೆ ಸುಣ್ಣ ಹೊಡೆಸುತ್ತೇನೆ ಅಂದೆ. ನನ್ನನ್ನೇ ಒಂದು ಗಳಿಗೆ ನೋಡಿ ಹೊರಟುಹೋದಳು.

ಇನ್ನೊಂದು ಉಪಾಯ ಬೇಗ ಬರೆಯಿರಿ. ದೀಪಾವಳಿಗೆ ನೀವು ಇಲ್ಲ ಅಂತ ಬರೆಯದಿದ್ದಾಗಲೇ ಒಪ್ಪಿದ್ದೀರಿ ಅಂತ ತಿಳಿದೆ. ಅಳಿಯನಿಗೆ ಜರಿ ಅಂಚಿನ ಪಂಚೆ ತಂದಾಗಿದೆ.

ರಾಚಯ್ಯ


ವೆಲ್ಲಿಂಗ್ಟನ್
28 ಸೆಪ್ಟೆಂಬರ್ 1966

ರಾಚಯ್ಯನವರಿಗೆ ಶರಣು.

ಗೋಣಿಚೀಲದ ಸಂಗತಿ ಓದಿ ಶಿವಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಿಮ್ಮ ಬೀಗಿತ್ತಿ ಸಿದ್ದಾಜಮ್ಮನೂ ನಕ್ಕಳು. ನಂಜಪ್ಪ ಮಾವನವರ ಮರ್ಯಾದೆಗೆ ಹಿತ್ತಲಿಗೆ ಹೋಗಿ ನಕ್ಕ. ನಾನು ಕಾಗದ ಮಡಿಸಿ ಇಟ್ಟೆ.

ಪಂಚೆಗೆ ಯಾಕೆ ಅವಸರ ಮಾಡಿದಿರಿ. ಬಟ್ಟೆ ಕೊಳೆಯುವ ಪದಾರ್ಥವಲ್ಲ, ಇರಲಿ ಬಿಡಿ.

ನಿಮಗೆ ಒಂದು ಸಂಗತಿ ಬರೆಯುತ್ತೇನೆ. ಹೋದ ವರ್ಷ ಇಲ್ಲಿ ಒಬ್ಬ ದೊಡ್ಡ ಸಾಹೇಬರ ಮನೆಯಲ್ಲಿ ನಮ್ಮಂಥ ಸಿಬ್ಬಂದಿಗೆ ಟೀ ಪಾರ್ಟಿ ಇತ್ತು. ಅವರ ಆಳು ಮನೆಮನೆಗೂ ಬಂದು ಬಾಗಿಲಲ್ಲಿ ನಿಂತು, ಕಾರ್ಡು ಕೊಟ್ಟು ಕರೆದ. ಒಬ್ಬ ಸ್ಟೋರ್‌ಕೀಪರಿಗೆ ಮಾತ್ರ ದಾರಿಯಲ್ಲಿ ಸಿಕ್ಕಿದಾಗ, ನೀವೂ ಬಂದುಬಿಡಿ ಅಂದ. ಆ ಸಂಜೆ ಆ ಸ್ಟೋರ್‌ಕೀಪರ್ ಕರಿ ಕೋಟು ಹಾಕಿ, ಬೂಟು ತಿಕ್ಕಿ, ಜಗಲಿಯ ಮೇಲೆ ಕೂತಿದ್ದ. ಪಾರ್ಟಿಯ ನಗು ಅಲ್ಲಿಯವರೆಗೆ ಕೇಳುತ್ತಿತ್ತು. ಹೋಗಲಿಲ್ಲ. ಕತ್ತಲಾದ ಮೇಲೆ ಕೋಟು ಬಿಚ್ಚಿ ಮೊಳೆಗೆ ಹಾಕಿದ.

ಇದರಲ್ಲಿ ನಿಮಗೆ ಬೇಕಾದ ವಿಚಾರ ಇದೆ. ನಿಧಾನವಾಗಿ ಯೋಚಿಸಿ ನೋಡಿ.

ಸಿದ್ದಯ್ಯ


ಪಂದಲೂರು
12 ಅಕ್ಟೋಬರ್ 1966

ಬೀಗರಿಗೆ ಶರಣು.

ನಿಮ್ಮ ವಿಚಾರ ಓದಿದ ಕೂಡಲೇ ನನಗೆ ಹೊಳೆಯಿತು. ಕಾರ್ಡು. ಅದೇ ದಿನ ಗೂಡಲೂರಿಗೆ ಹೋಗಿ, ಪ್ರೆಸ್ಸಿನಲ್ಲಿ ಗಿಳಿ ಚಿತ್ರ ಹಾಕಿಸಿ ಗುಲಾಬಿ ಬಣ್ಣದ ಕಾರ್ಡು ಮಾಡಿಸಿದೆ. ಶುಕ್ರವಾರ ಸಾಯಂಕಾಲ ಕಡ್ಡಿ ಕೋಣೆಯಲ್ಲಿ ಸಂತೋಷಕೂಟ, ಗ್ರಾಮಫೋನು, ಬೂಂದಿ ಲಾಡು. ಕಾರ್ಡುಗಳನ್ನು ಹಾಜರಿ ಹಾಕುವ ಮೇಜಿನ ಮೇಲೆ ಇಟ್ಟು, ಒಂದೊಂದು ತಗೊಂಡು ಹೋಗಿ ಅಂದೆ. ತಗೊಂಡರು. ಶುಕ್ರವಾರ ಗಂಟೆ ಹೊಡೆಯಿತು, ಸಾಲಾಗಿ ಎದ್ದು, ಲಾಡುವಿನ ತಟ್ಟೆ ದಾಟಿಕೊಂಡು, ಮನೆಗೆ ಹೋದರು. ಬಡಗರ ಹಟ್ಟಿಯಿಂದ ಬರುವ ಮಾತಿ ಅನ್ನುವ ಹುಡುಗಿ ಬಾಗಿಲಲ್ಲಿ ಒಮ್ಮೆ ಹಿಂತಿರುಗಿ ನೋಡಿದಳು. ಗ್ರಾಮಫೋನು ತನ್ನ ಪಾಡಿಗೆ ತಾನು ಹಾಡುತ್ತಿತ್ತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಲಾಡುವಿನ ತಟ್ಟೆ ಎತ್ತಿಕೊಂಡು ನೆಟ್ಟಗೆ ಕೆಲಸಗಾರರ ಸಾಲುಮನೆಗಳಿರುವ ಲೈನಿಗೆ, ಪೊನ್ನಮ್ಮನ ಮನೆಗೆ ನಡೆದೆ, ಇವತ್ತು ಅವಳನ್ನು ಕೇಳಿಯೇ ಬಿಡೋಣ ಅಂತ. ಅವಳು ಹೊಸಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಎದ್ದು ಚಾಪೆ ಹಾಕಿದಳು, ಬೆಲ್ಲದ ಕಪ್ಪು ಟೀ ಕೊಟ್ಟಳು. ನಾನು ಬಯ್ಯಲು ಬಂದವನು ಟೀ ಕುಡಿಯುತ್ತ ಕೂತೆ. ಯಾಕೆ ಯಾರೂ ಬರುವುದಿಲ್ಲ ಅಂತ ಕೇಳಿದೆ. ಅವಳು ಅಕ್ಕಿಯಿಂದ ಕಣ್ಣೆತ್ತದೆ ಹೇಳಿದಳು:

"ಆ ಹಲಗೆ ಮೇಲೆ ನೀವು ಯಾರನ್ನು ದಂಡಕ್ಕೆ ಹಾಕಿದಿರೋ ಅವರ ಹೆಸರು ಬರೀತೀರಿ. ಅದನ್ನ ನೋಡಬಾರದು ಅಂತಲೇ ನಾವು ತಲೆ ತಗ್ಗಿಸಿ ನಡೀತೀವಿ. ಹಲಗೆ ಕರೆದರೆ ಯಾರು ಬರ್ತಾರೆ ಅಯ್ಯಾ? ಮೇಜು ಕರೆದರೆ ಯಾರು ಬರ್ತಾರೆ? ನೀವು ಬಂದು ಕರೆದಿಲ್ಲ. ನನ್ನ ಮಗಳ ಮದುವೆಗೆ ನಾನು ವೆತ್ತಲೆ ಪಾಕು ಹಿಡಿದು ನಿಮ್ಮ ಬಾಗಿಲಿಗೆ ಬಂದಿದ್ದೆ."

ವೆತ್ತಲೆ ಪಾಕು ಅಂದರೆ ನಮ್ಮ ಎಲೆ ಅಡಿಕೆಯೇ. ಅವಳು ಬಂದಿದ್ದು ನಿಜ. ನಾನು ಆ ಮದುವೆಗೆ ಹೋಗಿ ಪಾಯಸ ತಿಂದಿದ್ದೂ ನಿಜ. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಹಾಗಾದರೆ ಈಗ ಕರೆಯುತ್ತೇನೆ, ಬರುತ್ತೀಯಾ ಅಂದೆ. ಬರಿಗೈಯಲ್ಲಿ ಕರೆಯುತ್ತಾರಾ, ಅಮ್ಮನವರನ್ನು ಕರೆದುಕೊಂಡು ಬನ್ನಿ ಅಂದಳು. ಬಂದರೆ ಏನು ಆಟ ಆಡಿಸುತ್ತೀರಿ ಅಂತಲೂ ಕೇಳಿದಳು. ನಿಂಬೆಹಣ್ಣು ಅಂತ ಹೇಳಲು ನಾಚಿಕೆಯಾಯಿತು, ನೀನೇ ಹೇಳು ಅಂದೆ.

ಅವಳು ಹೇಳಿದ್ದು ಕೇಳಿ. ಗೋಡೆ ಕಡೆಯ ಎರಡು ಸಾಲನ್ನೂ ತಿರುಗಿಸಿ ಎದುರುಬದುರು ಕೂರಿಸಬೇಕು. ಒಂದು ಸಾಲು ಹೆಣ್ಣಿನ ಕಡೆಯವರು, ಇನ್ನೊಂದು ಗಂಡಿನ ಕಡೆಯವರು. ಮದುವೆ ಮನೆಯಲ್ಲಿ ಬೀಗರು ಬೀಗರನ್ನು ಆಡಿಕೊಳ್ಳುವುದಿಲ್ಲವೇ, ಹಾಗೆ ಕೈ ಕಡ್ಡಿ ಆರಿಸುತ್ತಿರಬೇಕು, ಬಾಯಿ ಎದುರು ಸಾಲನ್ನು ಆಡಿಕೊಳ್ಳುತ್ತಿರಬೇಕು. ಯಾವ ಸಾಲಿನ ಟೀಯಲ್ಲಿ ಸಂಜೆಗೆ ಕಡ್ಡಿ ಉಳಿಯಿತೋ ಆ ಸಾಲು ಸೋತ ಬೀಗರು, ಮಾರನೆಯ ದಿನ ಗೆದ್ದವರಿಗೆ ಅವರೇ ಟೀ ಬಡಿಸಬೇಕು. ಮಾತಾಡಿದರೆ ಕೆಲಸ ಕೆಡುವುದಿಲ್ಲವೇ ಅಂದೆ. ಗೋಡೆ ನೋಡಿದರೆ ನಿದ್ದೆ ಬರುತ್ತದೆ, ನಿದ್ದೆಯಲ್ಲಿ ಕಡ್ಡಿ ಕಾಣುತ್ತದಾ ಅಂದಳು.

ಚಂದ್ರನ್ ದೊರೆ ಯೋಚಿಸಿ ಯೋಚಿಸಿ, ಒಂದು ವಾರ ಮಾಡಿ ನೋಡಿ ಅಂತ ಒಪ್ಪಿದರು. ಶನಿವಾರ ಸಂಜೆಯೂ ಭಾನುವಾರವೂ ನಾನೂ ಸಣ್ಣತಾಯಮ್ಮನೂ ಕುಂಕುಮದ ಬಟ್ಟಲು ಹಿಡಿದು ಲೈನು ಲೈನು ತಿರುಗಿದೆವು. ಪ್ರತಿ ಮನೆಯಲ್ಲೂ ಚಾಪೆ, ಪ್ರತಿ ಮನೆಯಲ್ಲೂ ಟೀ. ನನ್ನ ಹೊಟ್ಟೆ ತೊಟ್ಟಿಯಾಯಿತು. ಮಾತಿಯ ಹಟ್ಟಿಗೂ ಹತ್ತಿ ಹೋದೆವು. ಸೋಮವಾರ ಒಬ್ಬಳೂ ತಪ್ಪಲಿಲ್ಲ. ಕೋಣೆಯಲ್ಲಿ ಎಂಥ ಗಲಾಟೆ ಅಂತೀರಿ, ನನ್ನ ಗೋಣಿಚೀಲದ ಓಟವನ್ನೇ ಮಾತಿ ಎದ್ದು ಆಡಿ ತೋರಿಸಿದಳು. ಪೊನ್ನಮ್ಮ ಬಿಡುವ ಮಾತು ಎತ್ತಿಲ್ಲ. ಇನ್ನು ದೊರೆ ಏನು ಹೇಳುತ್ತಾರೋ ದೀಪಾವಳಿಗೆ ಗೊತ್ತಾಗಬೇಕು.

ಇಲ್ಲಿಯವರೆಗೆ ಬರೆದು ಸಣ್ಣತಾಯಮ್ಮನಿಗೆ ಓದಿ ಹೇಳಿದೆ. ಅವಳು ಖುಷಿಪಡಲಿಲ್ಲ. ಬಟ್ಟಲು ತೊಳೆಯುತ್ತಿದ್ದವಳು ಅಲ್ಲಿಂದಲೇ ಕೇಳಿದಳು:

"ಲೈನು ಮನೆಗೆಲ್ಲ ಹೋಗಿ ಕರೆದಿರಿ. ವೆಲ್ಲಿಂಗ್ಟನ್ನಿಗೆ ಯಾರು ಹೋಗಿದ್ದರು?"

ನಿಮ್ಮ ಹಿಂದಿನ ಕಾಗದ ತೆಗೆದು ಮತ್ತೆ ಓದಿದೆ. ಕರಿ ಕೋಟಿನ ಸ್ಟೋರ್‌ಕೀಪರ್ ಯಾರು ಅಂತ ನಾನು ಕೇಳಲೇ ಇಲ್ಲವಲ್ಲ. ಇನ್ನು ಮುಂದಿನದನ್ನು ಕಾಗದದಲ್ಲಿ ಬರೆಯುವುದು ಸರಿಯಲ್ಲ.

ರಾಚಯ್ಯ


ವೆಲ್ಲಿಂಗ್ಟನ್
26 ಅಕ್ಟೋಬರ್ 1966

ಪ್ರೀತಿಯ ಬೀಗರಿಗೆ ಸಿದ್ದಯ್ಯನ ಶರಣು.

ನಮ್ಮನ್ನು ಕರೆಯಲು ಬಂದಿದ್ದ ನೀವಿಬ್ಬರೂ ಊರು ಮುಟ್ಟಿದ್ದಕ್ಕೆ ಕಾಗದ ಬಂತು. ಬೀಗಿತ್ತಿಯವರಿಗೆ ಬಸ್ಸಿನ ತಿರುವುಗಳಲ್ಲಿ ತಲೆ ಸುತ್ತಿದ್ದು ಈಗ ಇಳಿದಿದೆಯೋ ಇಲ್ಲವೋ. ಗೂಡಲೂರಿನ ಘಟ್ಟ ಹತ್ತಿ, ಊಟಿ ದಾಟಿ, ಅಷ್ಟು ದೂರ ಕುಂಕುಮದ ಬಟ್ಟಲನ್ನು ಮಡಿಲಲ್ಲಿ ಇಟ್ಟುಕೊಂಡು ಬಂದರು ಅಂತ ಸಿದ್ದಾಜಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ.

ನಿಮಗೆ ಒಂದು ಮಾತು ಹೇಳಬೇಕು. ನೀವು ಬಂದಾಗ ಬಹಳ ಹೊತ್ತು ಜಗಲಿಯಲ್ಲಿ ಕೂರಿಸಿದೆ. ಆಮೇಲೆ ಹೊರಗೆ ಬಂದು, ಕೋಟು ಹುಡುಕುತ್ತಿದ್ದೆ ಅಂದೆ. ಬೀಗತನದ ಜಂಬಕ್ಕೆ ಕಾಯಿಸಿದ ಅಂತ ನೀವು ಅಂದುಕೊಂಡಿರಬಹುದು, ಹಾಗೆಯೇ ಅಂದುಕೊಳ್ಳಲಿ ಅಂತ ನಾನೂ ಸುಮ್ಮನಿದ್ದೆ. ನಿಜ ಅದಲ್ಲ. ನೀವು ಬಸ್ಸಿಳಿದು, ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಬಾಳೆಹಣ್ಣಿನ ಗೊನೆ ಹಿಡಿದು ಏರಿ ಹತ್ತುವುದನ್ನು ಕಿಟಕಿಯಿಂದ ನೋಡಿದಾಗಲೇ ಕೋಟು ಹಾಕಿಯಾಗಿತ್ತು. ಎರಡು ತಿಂಗಳಿಂದ ದಾರಿ ನೋಡಿದ್ದೆ. ಕಣ್ಣು ತುಂಬಿ ಬಂತು. ಅದನ್ನು ಒರೆಸಿಕೊಂಡು ಹೊರಗೆ ಬರಲು ಅಷ್ಟು ಹೊತ್ತು ಬೇಕಾಯಿತು. ಶಿವಮ್ಮ ನೋಡಿಬಿಟ್ಟಳು. ನೋಡಿದರೂ ನಿಮಗೆ ಹೇಳಲಿಲ್ಲ, ಈಗ ಅವಳು ನಮ್ಮ ಮನೆಯವಳಾದಳು.

ದೀಪಾವಳಿಗೆ ನಾಲ್ವರೂ ಬರುತ್ತೇವೆ. ರಜೆ ಆಗಸ್ಟಿನಲ್ಲೇ ಬರೆದುಕೊಟ್ಟಿದ್ದೆ. ನಿಮ್ಮ ಕಡ್ಡಿ ಕೋಣೆಗೂ ಕರೆದಿದ್ದೀರಿ, ಬರುತ್ತೇನೆ. ಆದರೆ ಆ ಪೊನ್ನಮ್ಮನ ಬಾಯಿಗೆ ನನ್ನನ್ನು ಹಾಕಬೇಡಿ, ನಾನು ಗಂಡಿನ ಕಡೆಯವನು. ಇನ್ನು ನಿಮ್ಮ ಲೋಟದಲ್ಲಿ ಕಾಫಿ ಬೇಡ, ನೀವು ಕುಪ್ಪಳಿಸಿ ಗಳಿಸಿದ್ದು, ನೀವೇ ಕುಡಿಯಿರಿ.

ಸಿದ್ದಯ್ಯ


ಪಂದಲೂರು
21 ನವೆಂಬರ್ 1966

ಬೀಗರಿಗೆ ರಾಚಯ್ಯನ ಶರಣು.

ನೀವೆಲ್ಲ ಹೊರಟ ಮೇಲೆ ಮನೆ ಬಿಕೋ ಅನ್ನುತ್ತಿದೆ. ಅಳಿಯ ಜರಿ ಪಂಚೆ ಉಟ್ಟು ಹೊರಟಾಗ ಸಣ್ಣತಾಯಮ್ಮ ದೃಷ್ಟಿ ತೆಗೆದಳು, ನಿಮಗೂ ಸೇರಿಸಿಯೇ ತೆಗೆದಳು ಅಂತ ಆಮೇಲೆ ಹೇಳಿದಳು. ಕಡ್ಡಿ ಕೋಣೆಯಲ್ಲಿ ಇನ್ನೂ ನಿಮ್ಮದೇ ಮಾತು. ಗಂಡಿನ ಕಡೆ ಸಾಲಿನ ನಡುವೆ ಕುರ್ಚಿ ಹಾಕಿಸಿಕೊಂಡು ಗತ್ತಿನಲ್ಲಿ ಕೂತಿರಲ್ಲ, ಆಗ ಪೊನ್ನಮ್ಮ, ಬೀಗರ ಕೋಟಿನ ಗುಂಡಿ ಹೊಟ್ಟೆಯನ್ನು ಹಿಡಿದಿದೆಯೋ, ಹೊಟ್ಟೆ ಗುಂಡಿಯನ್ನು ದಬ್ಬಿದೆಯೋ ಅಂತ ಕೇಳಿದ್ದು, ನೀವು ಬಗ್ಗಿ ನೋಡಿಕೊಂಡಿದ್ದು, ಅಷ್ಟರಲ್ಲಿ ಗುಂಡಿ ಹಾರಿ ಟೀ ರಾಶಿಗೆ ಬಿದ್ದಿದ್ದು, ಇದನ್ನು ಮಾತಿ ದಿನಕ್ಕೊಮ್ಮೆ ಆಡಿ ತೋರಿಸುತ್ತಾಳೆ. ಗುಂಡಿ ಸಿಕ್ಕಿದೆ. ಸಂಜೆ ಟೀ ನೋಡಿದಾಗ ಉಳಿದಿದ್ದು ಅದೊಂದೇ, ಅದಕ್ಕೇ ನಿಮ್ಮ ಸಾಲು ಸೋತಿತು.

ನೀವು ಬಸ್ಸು ಹತ್ತಿದ ಮೇಲೆ ನಡೆದದ್ದು ಬರೆಯುತ್ತೇನೆ. ಗುರುವಾರ ಚಂದ್ರನ್ ದೊರೆ ನನ್ನನ್ನು ಆಫೀಸಿಗೆ ಕರೆಸಿದರು. ಕಮಲಂ ಚೇರಂಬಾಡಿಯಿಂದ ತಂಗಿಯನ್ನೂ ಕರೆದುಕೊಂಡು ವಾಪಸು ಬಂದಿದ್ದಾಳೆ, ಕೋಣೆಯಲ್ಲಿ ಈಗ ಜಾಗ ಸಾಲದು. ಮದ್ರಾಸಿನಿಂದ ಉತ್ತರ ಬಂದಿತ್ತು. ಗುತ್ತಿಗೆದಾರ ಬರುವುದಿಲ್ಲ, ಕೋಣೆ ಇದ್ದ ಹಾಗೇ ಇರುತ್ತದೆ. ದೊರೆಯ ಎದುರಿಗೇ ಕುರ್ಚಿಯಲ್ಲಿ ಕೂತುಬಿಟ್ಟೆ. ದೊರೆ ನೀರು ಕೊಟ್ಟರು. ಆಮೇಲೆ, ಒಳ್ಳೆಯ ಸುದ್ದಿ, ಇವತ್ತೇ ನೋಟೀಸು ಬರೆದು ಹಲಗೆಗೆ ಹಾಕಿಬಿಡಿ ಅಂದರು.

ಇಷ್ಟು ವರ್ಷದ ಕೆಲಸದಲ್ಲಿ ದೊರೆಯ ಮಾತಿಗೆ ಇಲ್ಲ ಅಂದವನಲ್ಲ ನಾನು. ಅವತ್ತು ಅಂದೆ.

"ಹಲಗೆಗೆ ಹಾಕುವುದಿಲ್ಲ ಸ್ವಾಮಿ. ನೀವೇ ಬಂದು ಹೇಳಬೇಕು."

ಕೋಣೆಗೆ ಬರುತ್ತೇನೆ ನಡೆಯಿರಿ ಅಂದರು. ಕೋಣೆಗಲ್ಲ, ಮನೆಗೆ ಅಂದೆ. ನನ್ನ ಮುಖ ನೋಡಿದರು, ಸಂಜೆ ಗಂಟೆ ಹೊಡೆದ ಮೇಲೆ ಕೊಡೆ ತೆಗೆದುಕೊಂಡು ಹೊರಟರು. ಪೊನ್ನಮ್ಮನ ಬಾಗಿಲು ಗಿಡ್ಡ, ದೊರೆ ಎತ್ತರ, ತಲೆ ಬಡಿಸಿಕೊಂಡು ಒಳಗೆ ಹೋದರು. ಅವಳು ದೊರೆಯ ಹಣೆಗೆ ಅರಿಶಿನ ಹಚ್ಚಿ, ಚಾಪೆ ಹಾಕಿ, ಟೀ ಕೊಟ್ಟಳು. ದೊರೆ ಸುದ್ದಿ ಹೇಳಿದರು. ಅವಳು ಹೊರಗೆ ಬಂದು ಲೈನಿನ ಉದ್ದಕ್ಕೂ ಎಲ್ಲರ ಹೆಸರು ಹಿಡಿದು ಕೂಗಿದಳು. ದೊರೆ ಹಣೆಯ ಅರಿಶಿನ ಒರೆಸದೆಯೇ ಬಂಗಲೆಗೆ ಹೋದರು.

ಇನ್ನು ನಿಮಗೆ ಸಂಬಂಧಪಟ್ಟದ್ದು. ಮುಂದಿನ ತಿಂಗಳು ಪೊನ್ನಮ್ಮನ ಮೊಮ್ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಸೋತ ಬೀಗರು ಬರದಿದ್ದರೆ ಹೇಗೆ, ವೆಲ್ಲಿಂಗ್ಟನ್ ಬೀಗರು ಬರಲೇಬೇಕು ಅಂದಳು. ಅದಕ್ಕೇನು, ನಾನು ಹೇಗೂ ಕಾಗದ ಬರೆಯುತ್ತಿದ್ದೇನೆ, ಅದರಲ್ಲೇ ಬರೆದುಬಿಡುತ್ತೇನೆ ಅಂತ ಬಾಯಿತಪ್ಪಿ ಅಂದೆ. ಕೋಣೆಯ ಎರಡೂ ಸಾಲು ಕೈ ನಿಲ್ಲಿಸಿ ನನ್ನ ಕಡೆ ನೋಡಿದವು.

ಆದ್ದರಿಂದ ಇದು ಕರೆಯಲ್ಲ, ಬರಿಯ ಮುನ್ಸೂಚನೆ. ಪೊನ್ನಮ್ಮ ಹುಟ್ಟಿದ ಮೇಲೆ ಗೂಡಲೂರು ದಾಟಿದವಳಲ್ಲ. ಬರುವ ಭಾನುವಾರ ಕಮಲಂಳನ್ನು ಜೊತೆ ಮಾಡಿಕೊಂಡು, ವೆತ್ತಲೆ ಪಾಕು ಹಿಡಿದು ಮೊದಲ ಬಸ್ಸಿಗೆ ಹೊರಡುತ್ತಾಳೆ. ನಿಮ್ಮ ಗುಂಡಿಯನ್ನೂ ಸೆರಗಿಗೆ ಕಟ್ಟಿಕೊಂಡಿದ್ದಾಳೆ, ಸೂಜಿ ದಾರವೂ ಅವಳದೇ. ಮಧ್ಯಾಹ್ನದ ಹೊತ್ತಿಗೆ ಜಗಲಿಯಲ್ಲಿ ಇರಿ, ಬೀಗರೇ. ಕೋಟು ಹಾಕಿಕೊಂಡಿರಿ.

ನಿಮ್ಮ
ರಾಚಯ್ಯ